ಡ್ರೈಗೆ ವಿರುದ್ಧ ಪದ ಫ್ರೆಶ್

“ಡ್ರೈ, ಇದರ ಆಪೋಸಿಟ್ ಎಂತ?” ಎಂದು ನಾನು ಕೇಳಿದ್ದೇ ತಡ, ಕರಾವಳಿಯ ಬೆಳಕೆ ಊರಿನ ನಮ್ಮ ಶಾಲೆಯ ಒಂದನೇ ತರಗತಿಯ ನಾಗವೇಣಿ “ಫ್ರೆಶ್!” ಎಂದು ಕೂಗಿದಳು. ಪುಸ್ತಕದಲ್ಲಿ ‘ವೆಟ್’ ಎಂದಿತ್ತು. ಎಲ್ಲರೆದುರು ತಪ್ಪೆಂದು ಹೇಳಿ ಕೂರಿಸಿ, ಇಂಗ್ಲಿಷ್ ಭಾಷೆಯನ್ನು ಕಾಪಾಡಿದ ಹೆಮ್ಮೆಯಲ್ಲಿ ಮುಂದಿನ ಪದಕ್ಕೆ ಹೋದೆ. ಹುಡುಗಿ ಅಳುತ್ತಾ ಮನೆಗೆ ಹೋದಳು.

ಮರುದಿನ ಅವಳ ಅಜ್ಜಿ ಮೀನಿನ ಬುಟ್ಟಿಯ ಸಮೇತ ತರಗತಿಯ ಬಾಗಿಲಿಗೆ ಬಂದರು.

“ಟೀಚರ್, ನಮ್ಮನೇಲಿ ಇರೂದು ಒಣಮೀನು, ಇಲ್ದಿದ್ರೆ ಹಸಿಮೀನು. ‘ಡ್ರೈಯೋ, ಫ್ರೆಶ್ಶೋ’ ಅಂತ್ಲೇ ಪ್ಯಾಟೆಯವ್ರು ಕೇಳ್ತ್ರು. ಮಗು ಹೇಳಿದ್ರಲ್ಲಿ ತಪ್ಪೆಂತ?”

ಹದಿನೈದು ವರ್ಷ ಇಂಗ್ಲಿಷ್ ಕಲಿಸಿದ ಪಂಡಿತೆ ನಾನು, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಎಲ್ಲರೆದುರೇ ನಾಗವೇಣಿಗೆ ಚಪ್ಪಾಳೆ ಹೊಡೆಸಿದೆ.

ಈಗ ತಪ್ಪು ಎನ್ನುವ ಮೊದಲು, ಯಾಕೆ ಹಾಗೆ ಹೇಳಿದೆ ಎಂದು ಮಕ್ಕಳನ್ನು ಕೇಳುತ್ತೇನೆ. ಪಾಠ ಮುಗಿಯುತ್ತಿಲ್ಲವೆಂದು ಮುಖ್ಯ ಶಿಕ್ಷಕರು ಗೊಣಗುತ್ತಾರೆ. ಗೊಣಗಲಿ.