ಪೊಟ್ಟಣದ ಬೆನ್ನು

ಅಂಗಡಿಗೆ ಹೋದರೆ ನಾನು ಯಾವ ಪೊಟ್ಟಣದ ಮುಖವನ್ನೂ ನೋಡುವವಳಲ್ಲ. ಕೈಗೆ ಬಂದದ್ದನ್ನು ಮೊದಲು ಬೋರಲು ಹಾಕಿ ಬೆನ್ನು ನೋಡುತ್ತೇನೆ. ಮುಖದ ಮೇಲೆ ಗೋಧಿಯ ತೆನೆಯೋ ನಗುವ ಅಜ್ಜಿಯೋ ಏನೇ ಇರಲಿ, ನಿಜ ಸಂಗತಿ ಇರುವುದು ಬೆನ್ನಿನ ಮೇಲೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿ, ಇಂಗ್ಲಿಷ್ ವಾಚನಕ್ಕೆ ಎರಡು ಸಲ ಪದಕ ತೆಗೆದುಕೊಂಡು, ಕೊನೆಗೆ ಆ ವಿದ್ಯೆಯನ್ನೆಲ್ಲ ನಾನು ಬಳಸಿದ್ದು ನ್ಯೂಜೆರ್ಸಿಯ ಬಿಸ್ಕತ್ತು ಪೊಟ್ಟಣಗಳ ಮೇಲೆ. ಜೆಲಟಿನ್ ಇದೆಯೇ, ಇದ್ದರೆ ಯಾವ ಪ್ರಾಣಿಯದು, ಶಾರ್ಟನಿಂಗ್ ಎಂದರೆ ಎಣ್ಣೆಯೋ ಕೊಬ್ಬೋ ಎಂದು ಹುಡುಕುತ್ತ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. "ನೀನು ಹೋಗೋದು ಗ್ರೋಸರಿಗಲ್ಲ, ಲೈಬ್ರರಿಗೆ" ಎಂದು ನನ್ನ ಯಜಮಾನರು ಪಾರ್ಕಿಂಗ್ ಲಾಟಿನಲ್ಲೇ ಸೀಟು ಹಿಂದಕ್ಕೆ ಒರಗಿಸಿ ಒಂದು ನಿದ್ದೆ ತೆಗೆಯುತ್ತಾರೆ.

ಪದ್ಮಕ್ಕ ನನಗೆ ಸಿಕ್ಕಿದ್ದೂ ಇಂಥ ಲೈಬ್ರರಿಯಲ್ಲೇ. ಹನ್ನೆರಡು ವರ್ಷದ ಹಿಂದೆ, ಈಸ್ಟ್ ಬ್ರನ್ಸ್‌ವಿಕ್ಕಿನ ಒಂದು ಅಂಗಡಿಯಲ್ಲಿ, ಬ್ರೆಡ್ಡು ಬನ್ನುಗಳ ಸಾಲಿನ ಮುಂದೆ. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಥೇಟು ನನ್ನ ಹಾಗೆ, ಪೊಟ್ಟಣದ ಬೆನ್ನು ಓದುತ್ತಿದ್ದರು. "ಇರುವಿ ಬರದಿರಬೇಕು ಇದನ್ನ" ಎಂದು ತಮ್ಮಷ್ಟಕ್ಕೆ ಗೊಣಗಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ನನ್ನ ತಲೆಯ ಮೇಲಿನ ದುಪಟ್ಟಾ ನೋಡಿದರು, ಕೈಯಲ್ಲಿದ್ದ ಬನ್ನಿನ ಪೊಟ್ಟಣ ನೋಡಿದರು.

"ಕನ್ನಡ ಬರ್ತದೇನು? ನೀವೇನ ಹುಡುಕ್ಲಿಕ್ಕತ್ತೀರಿ?"

"ಹಂದಿ" ಎಂದೆ.

"ನಾ ದನಾ ಹುಡುಕ್ಲಿಕ್ಕತ್ತೀನಿ. ನಿಮಗ ಸಿಕ್ಕರ ನನಗೂ ಹೇಳ್ರಿ."

ಅಂದಿನಿಂದ ಇಂದಿನವರೆಗೆ ನಾವಿಬ್ಬರೂ ಜೊತೆಯಲ್ಲೇ ಸಾಮಾನು ತರುವುದು. ಪದ್ಮಕ್ಕ ಧಾರವಾಡದವರು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದ ಮೇಲೆ ಮಗನ ಜೊತೆ ಇರಲು ಬಂದವರು. ನಮ್ಮ ಬೀದಿಯ ಕೊನೆಯ ಮನೆ ಅವರದು. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವರಲ್ಲ. ಹಾಗೆಂದು ಎಲ್ಲದಕ್ಕೂ ಮೂಗು ಮುರಿಯುವವರೂ ಅಲ್ಲ. ಕೇಕಿನೊಳಗೆ ಮೊಟ್ಟೆ ಕಾಣದ ಹಾಗೆ ಕೂತಿದ್ದರೆ ಕಂಡಿಲ್ಲ ಎನ್ನುತ್ತಾರೆ. ಹಾಲು ಹೆಪ್ಪಾಗಿಸಲು ಏನು ಹಾಕಿದರೆಂದು ಚೀಸಿನ ಜಾತಕ ಕೇಳಲು ಹೋಗುವುದಿಲ್ಲ. ಪ್ರಾಣಿಯ ಮೈಯಿಂದ ಕೊಯ್ದು ತೆಗೆದ ಮಾಂಸ, ಕೊಬ್ಬು ಮಾತ್ರ ಸುತರಾಂ ಕೂಡದು. ನನ್ನದೂ ಹೆಚ್ಚು ಕಡಿಮೆ ಅದೇ ಕಥೆ. ಹಂದಿಯೆಂದರೆ ಮೈಲಿ ದೂರ ಓಡುವ ನಾನು, ಆಲ್ಕೊಹಾಲ್ ಇರುತ್ತದೆಂದು ಜನ ಹೇಳುವ ವೆನಿಲ್ಲಾ ಎಸೆನ್ಸಿನ ಸೀಸೆಯ ಬೆನ್ನನ್ನು ಮಾತ್ರ ಇವತ್ತಿನ ತನಕ ಓದಿಲ್ಲ. ಓದಿದರೆ ಮಗಳ ಹುಟ್ಟುಹಬ್ಬದ ಕೇಕಿಗೆ ಏನು ಹಾಕಲಿ? ಒಬ್ಬೊಬ್ಬರ ಗೆರೆ ಒಂದೊಂದು ಕಡೆ. ಎಳೆದವರಿಗೇ ಗೊತ್ತು, ಅದು ಎಲ್ಲಿ ನೆಟ್ಟಗಿದೆ, ಎಲ್ಲಿ ಸ್ವಲ್ಪ ಸೊಟ್ಟಗಿದೆ ಎಂಬುದು.

ನನ್ನ ಅಡುಗೆಮನೆಯಲ್ಲಿ ನೀಲಿ ಹಿಡಿಯ ಒಂದು ಪಾತ್ರೆ ಇದೆ. ಪದ್ಮಕ್ಕ ಬಂದಾಗ ಅವರಿಗಾಗಿ ಮಾಡುವುದಕ್ಕೆ ಮಾತ್ರ ಅದು. ಅದನ್ನು ಕೊಂಡದ್ದನ್ನು ನಾನು ಅವರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ದಿನ ಒಲೆಯ ಮೇಲೆ ಅದನ್ನು ಕಂಡವರು ಕುರ್ಚಿ ಎಳೆದುಕೊಂಡು ಕೂತು, "ಏನ ಮಾಡೀ, ಹಾಕು" ಎಂದರು. ಅಷ್ಟೆ.

ಇಂಥ ನಾವಿಬ್ಬರು ಹೋದ ಜುಲೈನಲ್ಲಿ ಇಟಲಿಗೆ ಹೋದೆವು. ಉತ್ತರದ ಕಡೆಯ ಮಾಂತೊವಾ ಎಂಬ ಹಳೆಯ ಊರಿಗೆ. ಅಲ್ಲಿನ ಅರಮನೆಯೊಂದರ ಮೇಲ್ಛಾವಣಿಯ ಚಿತ್ರದ ಮಾಸಿದ ಪ್ರತಿಯನ್ನು ಪದ್ಮಕ್ಕ ಮೂವತ್ತು ವರ್ಷ ತಮ್ಮ ತರಗತಿಯ ಗೋಡೆಗೆ ಅಂಟಿಸಿಕೊಂಡಿದ್ದರಂತೆ. ಅದನ್ನು ಕತ್ತು ಎತ್ತಿ ನಿಜವಾಗಿ ನೋಡಬೇಕೆಂಬುದು ಅವರ ಆಸೆ. ಮಗ ಶ್ರೀಧರನಿಗೆ ರಜೆ ಇಲ್ಲ, ನಮ್ಮವರಿಗೆ ಅರಮನೆ ಎಂದರೆ ಆಕಳಿಕೆ. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ನಮ್ಮನ್ನು ಇಳಿಸುತ್ತ ಶ್ರೀಧರ ಹೇಳಿದ: "ನಸೀಮಾ ಆಂಟಿ, ಅಮ್ಮನ ಊಟ ಕಂಪ್ಲೀಟ್ಲಿ ನಿಮ್ ರೆಸ್ಪಾನ್ಸಿಬಿಲಿಟಿ. ಆಕೀ ಹೆದರೂದು ಅದೊಂದಕ್ಕ. ನೀವಿದ್ದೀರಿ ಅಂತನ ಕಳಸ್ಲಿಕ್ಕತ್ತೀನಿ." ಕಾನ್ವೆಂಟಿನಲ್ಲಿ ಪದಕ ಕೊಟ್ಟ ದಿನ ಸಿಸ್ಟರ್ ಕ್ಲಾರಾ ಬೆನ್ನು ತಟ್ಟಿದಾಗ ಆದಷ್ಟೇ ಹೆಮ್ಮೆ ನನಗಾಯಿತು. ಅಷ್ಟೇ ಚಿಂತೆಯೂ.

ಮಾಂತೊವಾ ಮೂರು ಕಡೆ ಕೆರೆಗಳಿರುವ ಊರು. ಕೆರೆಯ ತುಂಬ ತಾವರೆ! ಇಟಲಿಯಲ್ಲಿ ತಾವರೆ ಏನು ಮಾಡುತ್ತಿದೆ ಎಂದು ವಿಚಾರಿಸಿದರೆ, ಸುಮಾರು ನೂರು ವರ್ಷದ ಹಿಂದೆ ಸಸ್ಯಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳು ಚೀನಾದ ಗೆಡ್ಡೆ ತಂದು ನೆಟ್ಟಳಂತೆ, ಅದರ ಹಿಟ್ಟು ಊಟಕ್ಕಾದೀತು ಎಂದು. ಊಟಕ್ಕಾಗಲಿಲ್ಲ, ಕೆರೆಯನ್ನೇ ನುಂಗಿತು. ಈಗ ವರ್ಷವರ್ಷವೂ ಕತ್ತರಿಸುತ್ತಾರೆ. ಊರಿನವರಿಗೆ ಕಳೆ, ನಮಗೆ ಮಾತ್ರ ಪಕ್ಕದ ಮನೆಯವರು ಸಿಕ್ಕ ಹಾಗಾಯಿತು. ಪದ್ಮಕ್ಕ ಕೆರೆಯ ದಂಡೆಯ ಬೆಂಚಿನಲ್ಲಿ ಕೂತು ಎರಡು ಹಾಳೆ ತುಂಬ ತಾವರೆ ಬರೆದರು.

ಊಟದ ಚಿಂತೆಯೂ ಮೊದಲ ದಿನವೇ ಅರ್ಧ ಇಳಿಯಿತು. ಸಿಹಿಗುಂಬಳದ ಹೂರಣ ತುಂಬಿ, ಬೆಣ್ಣೆಯಲ್ಲಿ ಯಾವುದೋ ಎಲೆ ಹುರಿದು ಮೇಲೆ ಸುರಿದ ಕಡುಬು ಆ ಊರಿನ ವಿಶೇಷ. ಮೂರು ದಿನ ಮೂರು ಹೋಟೆಲಿನಲ್ಲಿ ನಾವು ಅದನ್ನೇ ತಿಂದೆವು. ಇನ್ನೊಂದು ವಿಶೇಷ, ಬಾದಾಮಿ ಮತ್ತು ಮುಸುಕಿನ ಜೋಳದ ಹಿಟ್ಟಿನ ಪುಡಿಪುಡಿ ಕೇಕು. ಅದನ್ನು ಚಾಕುವಿನಿಂದ ಕತ್ತರಿಸುವಂತಿಲ್ಲ, ಕೈಯಲ್ಲೇ ಮುರಿಯಬೇಕು. ನಮ್ಮ ಮೈಸೂರು ಬೇಕರಿಗಳ ನಾನ್‌ಖಟಾಯಿಯ ದೊಡ್ಡಮ್ಮ ಎನ್ನಬಹುದು. ಹೆಸರು ಸ್ಬ್ರಿಸೊಲೋನಾ. ಪದ್ಮಕ್ಕನ ನಾಲಿಗೆಗೆ ಆ ಹೆಸರು ಒಗ್ಗಲಿಲ್ಲ. "ಸುಬ್ಬಕ್ಕ ಅಂದ್ರಾತು ಬಿಡು" ಎಂದರು.

ಮೂರು ದಿನವೂ ನಾವಿಬ್ಬರು ಅದನ್ನು ಕೊಂಡು ತಿಂದದ್ದು ಕಮಾನುಗಳ ಸಾಲಿನ ಕೆಳಗಿನ ಒಂದು ಪುಟ್ಟ ಅಂಗಡಿಯಿಂದ. ಮೊದಲ ದಿನ ಹೋದಾಗ ಗಾಜಿನ ಹಿಂದೆ ಎರಡು ತಟ್ಟೆಗಳಲ್ಲಿ ಸುಬ್ಬಕ್ಕ. ಪೊಟ್ಟಣವಿಲ್ಲ, ಆದ್ದರಿಂದ ಬೆನ್ನೂ ಇಲ್ಲ. ನಾನು ಫೋನಿನಲ್ಲಿ "ಇದರಲ್ಲಿ ಮಾಂಸ ಇದೆಯೇ?" ಎಂದು ಅವರ ಭಾಷೆಗೆ ತಿರುಗಿಸಿ ತೋರಿಸಿದೆ. ಕೇಕಿನಲ್ಲಿ ಮಾಂಸವೇ ಎಂದು ಅಂಗಡಿಯಾಕೆ ಹೊಟ್ಟೆ ಹಿಡಿದು ನಕ್ಕಳು. ಅಷ್ಟರಲ್ಲಿ ಮಗಳು ಸನಾಳ ಫೋನ್ ಬಂತೆಂದು ನಾನು ಹೊರಗೆ ಹೋದೆ. ಪದ್ಮಕ್ಕ ಹೊರಬರಲು ಹತ್ತು ನಿಮಿಷ ಹಿಡಿಯಿತು. ಏನು ಮಾಡುತ್ತಿದ್ದಿರಿ ಎಂದರೆ, "ಆಕೀ ಕೂಡ ಮಾತಾಡ್ಲಿಕ್ಕತ್ತಿದ್ದೆ" ಎಂದರು. ಯಾವ ಭಾಷೆಯಲ್ಲಿ ಎಂದು ನಾನು ಕೇಳಲಿಲ್ಲ. ಪದ್ಮಕ್ಕ ನ್ಯೂಜೆರ್ಸಿಯ ಪ್ಲಂಬರಿನ ಜೊತೆಯೂ ಧಾರವಾಡದ ಕನ್ನಡದಲ್ಲಿ ಮಾತಾಡಿ ನಲ್ಲಿ ರಿಪೇರಿ ಮಾಡಿಸಿದವರು.

ಎರಡನೆಯ ದಿನ ಆ ಛಾವಣಿ ನೋಡಿದೆವು. ಒಳಗೆ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ; ಗಡಿಯಾರ ನೋಡಿ ಹೊರಗೆ ಕಳಿಸುತ್ತಾರೆ. ಛಾವಣಿಯ ನಡುವೆ ದುಂಡನೆಯ ಬಾವಿಯ ಕಟ್ಟೆಯಂತೆ ಬರೆದಿದ್ದಾರೆ. ನಾವು ಬಾವಿಯೊಳಗಿಂದ ಆಕಾಶ ನೋಡಿದ ಹಾಗೆ. ಕಟ್ಟೆಯ ಸುತ್ತ ಹೆಂಗಸರು ಬಗ್ಗಿ ನಮ್ಮನ್ನು ನೋಡುತ್ತ ಮುಸಿಮುಸಿ ನಗುತ್ತಾರೆ. ಚಿತ್ರಕಲೆಯ ಜ್ಞಾನವಿಲ್ಲದ ನನ್ನ ಕಣ್ಣು ಹೋದದ್ದು ಒಂದು ಗಿಡದ ಕುಂಡದ ಮೇಲೆ. ಅಷ್ಟು ದೊಡ್ಡ ಕುಂಡವನ್ನು ಕಟ್ಟೆಯಿಂದ ಹೊರಗೆ, ಒಂದೇ ಒಂದು ಕೋಲಿನ ಆಧಾರದ ಮೇಲೆ ಇಟ್ಟಿದ್ದಾರೆ. ಅದರ ಹತ್ತಿರದ ಹೆಂಗಸಿನ ಕೈ ಆ ಕೋಲಿನ ಮೇಲೇ ಇದೆ. ನಾನು ಅರಿವಿಲ್ಲದೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ.

"ಐನೂರು ವರ್ಷದಿಂದ ಬಿದ್ದಿಲ್ಲ ಅದು" ಎಂದರು ಪದ್ಮಕ್ಕ, ಕತ್ತು ಇಳಿಸದೆ. "ನೀ ನಿಂತಾಗನ ಬೀಳ್ತದೇನು?"

ಕುಂಡ ಬಿದ್ದದ್ದು ಮೂರನೆಯ ದಿನ ಮಧ್ಯಾಹ್ನ.

ಅಂದೇ ನಾಲ್ಕು ಗಂಟೆಯ ನಂತರ ನಮ್ಮ ರೈಲು. ನ್ಯೂಜೆರ್ಸಿಗೆ ಒಯ್ಯಲೆಂದು ಕಮಾನಿನಂಗಡಿಯಿಂದ ನಾಲ್ಕು ಸುಬ್ಬಕ್ಕ ಕಟ್ಟಿಸಿಯಾಗಿತ್ತು. ಪದ್ಮಕ್ಕನನ್ನು ಕೆರೆಯ ಬೆಂಚಿನಲ್ಲಿ ಕೂರಿಸಿ ನೀರಿನ ಬಾಟಲಿ ತರಲು ಬೇರೊಂದು ಅಂಗಡಿಗೆ ಹೋದೆ. ಅಲ್ಲಿ ಅದೇ ಕೇಕು ಪೊಟ್ಟಣದಲ್ಲಿತ್ತು. ಅಭ್ಯಾಸಬಲ, ಕೈ ತಾನಾಗಿ ಅದನ್ನು ಬೋರಲು ಹಾಕಿತು. ಫೋನನ್ನು ಮೇಲೆ ಹಿಡಿದೆ. ಹಿಟ್ಟು, ಸಕ್ಕರೆ, ಬಾದಾಮಿ, ಬೆಣ್ಣೆ, ಹಂದಿಯ ಕೊಬ್ಬು.

ಮತ್ತೊಮ್ಮೆ ಹಿಡಿದೆ. ಹಂದಿಯ ಕೊಬ್ಬೇ. ಕೌಂಟರಿನ ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ಮೊದಲು ಬಡವರ ಮನೆಯಲ್ಲಿ ಬೆಣ್ಣೆ ಎಲ್ಲಿತ್ತು, ಇದ್ದ ಕೊಬ್ಬಿನಲ್ಲೇ ಮಾಡುತ್ತಿದ್ದರು, ಈಗಲೂ ಹಳೆಯ ಪದ್ಧತಿಯವರು ಹಾಗೆಯೇ ಮಾಡುತ್ತಾರೆ ಎಂದು ಅಭಿಮಾನದಿಂದ ವಿವರಿಸಿದಳು. ನಾನು ಕೇಳಿದ್ದು ಮಾಂಸ ಇದೆಯೇ ಎಂದು. ಕೊಬ್ಬು ಇದೆಯೇ ಎಂದು ಕೇಳಿರಲಿಲ್ಲ. ಹನ್ನೆರಡು ವರ್ಷ ಶಾರ್ಟನಿಂಗ್ ಎಂಬ ಪದವನ್ನು ಬೆನ್ನಟ್ಟಿದ ನಾನು!

ಕಮಾನಿನಂಗಡಿಗೆ ಓಡಿದೆ. ಬಾಗಿಲು ಮುಚ್ಚಿತ್ತು, ಮೂರೂವರೆಗೆ ತೆರೆಯುತ್ತದೆಂದು ಚೀಟಿ ತೂಗುತ್ತಿತ್ತು. ಆ ಊರಿನಲ್ಲಿ ಮಧ್ಯಾಹ್ನ ಸಣ್ಣ ಅಂಗಡಿಯವರೆಲ್ಲ ಊಟಕ್ಕೆ ಹೋಗುತ್ತಾರೆ. ಇನ್ನೂ ಮುಕ್ಕಾಲು ಗಂಟೆ.

ಬೆಂಚಿಗೆ ಮರಳಿದರೆ ಪದ್ಮಕ್ಕ ಒಂದು ಸುಬ್ಬಕ್ಕನ ಕಾಗದ ಬಿಚ್ಚಿ ಮುರಿದು ತಿನ್ನುತ್ತಿದ್ದರು. "ತಗೋ" ಎಂದು ದೊಡ್ಡ ಚೂರು ಚಾಚಿದರು.

"ಬೇಡ ಪದ್ಮಕ್ಕ, ಹೊಟ್ಟೆ ತುಂಬಿದೆ. ನೀವೂ ಸಾಕು ಮಾಡಿ. ಶುಗರ್ ಇದೆ ನಿಮಗೆ."

"ನನ್ನ ಶುಗರ್ ನನಗ ಗೊತ್ತದ. ನೀ ಯಾಕ ಹಂಗ ಬೆವತೀ?"

"ಬಿಸಿಲು."

ಸಿಸ್ಟರ್ ಕ್ಲಾರಾ ನಮಗೆ ದಿನದ ಕೊನೆಗೆ ಕಣ್ಣು ಮುಚ್ಚಿ ಅಂದಿನ ತಪ್ಪುಗಳನ್ನು ಎಣಿಸಲು ಕಲಿಸಿದ್ದರು. ನಮಾಜಿನ ಜೊತೆಗೆ ಅದನ್ನೂ ಬಿಡದೆ ಉಳಿಸಿಕೊಂಡ ಅವರ ಏಕೈಕ ಶಿಷ್ಯೆ ನಾನಿರಬೇಕು. ಬೆಂಚಿನ ಮೇಲೆ ಹಗಲಲ್ಲೇ ಎಣಿಸಲು ಕೂತೆ. ನಾನು ತಿಂದದ್ದನ್ನು ಮೇಲಿನವನು ಮನ್ನಿಸಿಯಾನು. ತಿಳಿಯದೆ ತಿಂದದ್ದಕ್ಕೆ ಪಾಪವಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಎಪ್ಪತ್ತನಾಲ್ಕು ವರ್ಷ ಜೋಪಾನವಾಗಿ ಬಂದ ಈ ಹೆಂಗಸಿಗೆ ನಾನೇ ಕೈಯಾರೆ ತಿನ್ನಿಸಿದೆನಲ್ಲ. ಹೇಳಿದರೆ ಅವರ ಮುಖ ಹೇಗಾಗುತ್ತದೆ? ಹೇಳದಿದ್ದರೆ ಆ ನೀಲಿ ಹಿಡಿಯ ಪಾತ್ರೆಯನ್ನು ಇನ್ನು ಯಾವ ಮುಖ ಹೊತ್ತು ಒಲೆಯ ಮೇಲಿಡಲಿ? ಈಗ ತಿನ್ನುತ್ತಿರುವ ತುತ್ತನ್ನಾದರೂ ತಡೆಯಬೇಕಿತ್ತು. ತಡೆಯಲಿಲ್ಲ. ಮೊದಲು ಖಚಿತವಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳು ಹಾಗೆಯೇ ಹೇಳಿಕೊಳ್ಳುವುದು.

ಮೂರೂವರೆಗೆ ಸರಿಯಾಗಿ ಅಂಗಡಿಯ ಮುಂದಿದ್ದೆ. ಬೀಗ ತೆರೆಯುತ್ತಿದ್ದ ಆಕೆಯ ಮುಖದ ಮುಂದೆ ಫೋನ್ ಹಿಡಿದೆ: "ನೀವು ನಮಗೆ ಕೊಟ್ಟದ್ದರಲ್ಲಿ ಹಂದಿಯ ಕೊಬ್ಬು ಇತ್ತೇ?" ಆಕೆ ಓದಿದಳು. ನನ್ನ ಮುಖ ನೋಡಿದಳು. ನಗುತ್ತ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು.

ಕೇಕು ಕಟ್ಟುವ ಕಾಗದದ ತುಂಡೊಂದು ಅಲ್ಲಿ ಅಂಟಿತ್ತು. ಅದರ ಮೇಲೆ ಬಾಲ್‌ಪೆನ್ನಿನ ಒಂದು ಹಂದಿ, ಸುರುಳಿ ಬಾಲ, ಚೂಪು ಕಿವಿ, ಕಣ್ಣಿನಲ್ಲಿ ತುಂಟತನ, ಎಲ್ಲ ಸೇರಿ. ಹಂದಿಯ ಮೇಲೆ ಅಡ್ಡಕ್ಕೆ ದಪ್ಪ ಗೆರೆ. ಪಕ್ಕದಲ್ಲಿ ತಲೆಯ ಮೇಲೆ ದುಪಟ್ಟಾ, ಮೂಗಿನ ತುದಿಯಲ್ಲಿ ಕನ್ನಡಕ, ಹುಬ್ಬು ಗಂಟಿಕ್ಕಿದ ಹೆಂಗಸು. ನನ್ನ ಗಲ್ಲದ ಮಚ್ಚೆಯನ್ನೂ ಪದ್ಮಕ್ಕ ಬಿಟ್ಟಿರಲಿಲ್ಲ. ಅಂಗಡಿಯಾಕೆ ಎಡಗಡೆಯ ತಟ್ಟೆಗೆ ಬೆರಳು ಮಾಡಿ ಹಂದಿಯನ್ನು ತೋರಿಸಿದಳು. ಬಲಗಡೆಯದಕ್ಕೆ ಬೆರಳು ಮಾಡಿ "ಬುರ್ರೊ, ಬುರ್ರೊ" ಎಂದಳು. ಅರ್ಥವಾಗಲಿಲ್ಲವೇನೋ ಎಂದು ಹಸುವಿನ ಹಾಗೆ ಕೂಗಿ, ಹಾಲು ಕರೆದು, ಬೆಣ್ಣೆಯನ್ನೂ ಕಡೆದು ತೋರಿಸಿದಳು. ನಮಗೆ ಮೂರು ದಿನವೂ ಕೊಟ್ಟದ್ದು ಬಲಗಡೆಯದು.

ನಾನು ಆಕೆಯ ಸ್ಟೂಲಿನ ಮೇಲೇ ಕೂತುಬಿಟ್ಟೆ. ಅವಳು ನೀರು ಕೊಟ್ಟಳು.

ಬೆಂಚಿಗೆ ಬಂದು ಎಲ್ಲವನ್ನೂ ಹೇಳಿದೆ. ಪದ್ಮಕ್ಕ ಸೀರೆಯ ಮೇಲಿನ ಪುಡಿಯನ್ನು ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ ಕೇಳಿಸಿಕೊಂಡರು.

"ನಿಮಗೆ ಹೇಗೆ ಹೊಳೀತು, ಹಂದಿ ಅಂತ?"

"ನನ್ನ ಮಾಂಸದ ಚಿಂತಿ ನೀ ಮಾಡ್ಲಿಕ್ಕತ್ತಿದ್ದೆಲ್ಲ. ನಿನ್ನ ಹಂದೀ ಚಿಂತಿ ಯಾರರೆ ಮಾಡಬೇಕೋ ಬ್ಯಾಡೋ?"

"ಹೇಳಬಾರದಿತ್ತೇ ನನಗೆ?"

"ಹೇಳಿದ್ರ ನೀ ಹೋಗಿ ಮತ್ತೊಮ್ಮೆ ಓದ್ತಿದ್ದಿ." ನನ್ನ ಮೂಗಿನ ಮೇಲಿನ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರು. ಮುಖದಲ್ಲಿ ಆ ಛಾವಣಿಯ ಹೆಂಗಸಿನ ನಗು. ಆಕೆಯ ಕೈ ಕೋಲಿನ ಮೇಲಿರುವುದು ಕುಂಡ ಬೀಳಿಸುವುದಕ್ಕೆ ಎಂದು ನಾನು ಭಾವಿಸಿದ್ದೆ. ಹಿಡಿದುಕೊಂಡಿರಲೂಬಹುದು ಎಂದು ಆಗ ಹೊಳೆಯಿತು.

"ಈಗರೆ ತಿಂತೀಯೇನು?" ಎಂದರು. ರೈಲು ಬರುವಷ್ಟರಲ್ಲಿ ಉಳಿದಿದ್ದ ಅರ್ಧ ಸುಬ್ಬಕ್ಕ ಖಾಲಿಯಾಯಿತು. ನ್ಯೂಜೆರ್ಸಿಗೆ ಮುಟ್ಟಿದ್ದು ಮೂರು.

ಪೊಟ್ಟಣದ ಬೆನ್ನು ಓದುವುದನ್ನು ನಾನು ಬಿಟ್ಟಿಲ್ಲ. ಹೋದ ವಾರ ಮಾತ್ರ ಕನ್ನಡಕವನ್ನು ಮನೆಯಲ್ಲೇ ಮರೆತು ಅಂಗಡಿಗೆ ಹೋಗಿದ್ದೆ. ಹೊಸ ಥರದ ಬಿಸ್ಕತ್ತೊಂದನ್ನು ಪದ್ಮಕ್ಕನ ಕೈಗೆ ಕೊಟ್ಟೆ. ಅವರು ಬೋರಲು ಹಾಕಿ, ದೂರ ಹಿಡಿದು, ಹತ್ತಿರ ಹಿಡಿದು, ಕೊನೆಯ ಸಾಲಿನವರೆಗೆ ಓದಿ, "ಹಾಕ್ಕೋ" ಎಂದರು. ಹಾಕಿಕೊಂಡೆ. ಅಂದು ನಾನು ಬೇಗ ಬಂದದ್ದು ಕಂಡು ಕಾರಿನಲ್ಲಿದ್ದ ನಮ್ಮವರು ಗಾಬರಿಯಾಗಿ ಎದ್ದು ಕೂತರು.