ಮುಗಿಯದ ಸೀರೆ

ಮುಧೋಳದ ಬಸ್ ನಿಲ್ದಾಣದಲ್ಲಿ ಬೀಳಗಿಯ ಬಸ್ಸಿಗಾಗಿ ಕಾದಿದ್ದೆ. ಪಕ್ಕದ ಬೆಂಚಿನಲ್ಲಿ ನೇಕಾರರ ಊರಾದ ಬನಹಟ್ಟಿಯ ನಾಲ್ವರು ಕಾಲೇಜು ಹುಡುಗಿಯರು ದಾಳ ಉರುಳಿಸುತ್ತ ಕಿರುಚಾಡುತ್ತಿದ್ದರು. ಗದರಿಸಲೆಂದೇ ಎದ್ದುಹೋದೆ.

ಅದೊಂದು ಕಥೆಯ ಆಟ. ಸವಿತಾ ಕಥೆ ನಡೆಸುವವಳು. ಉಳಿದವರಿಗೆ ಒಂದೊಂದು ಪಾತ್ರ. ರೂಪಾಳದು ಮಾಯಾಸೀರೆ ನೇಯುವ ನೇಕಾರ್ತಿಯ ಪಾತ್ರ. ಸೀರೆ ಎಷ್ಟು ಉದ್ದವೆಂದು ನಿಯಮದಲ್ಲಿ ಬರೆದಿರಲಿಲ್ಲ. ಆದ್ದರಿಂದ ಹೊಳೆ ದಾಟಲು ಸೀರೆ, ಕೋಟೆ ಹತ್ತಲು ಸೀರೆ, ರಾಕ್ಷಸನನ್ನು ಕಟ್ಟಲೂ ಅದೇ ಸೀರೆ.

“ಎಲ್ಲಾ ಆಕಿ ಸೀರೀನ ಮಾಡಿದ್ರ ನಾವ್ಯಾಕ ಆಡೂಣು? ಆಟ ಸಾಕು,” ಎಂದು ಇನ್ನಿಬ್ಬರು ಎದ್ದರು.

ತಿಂಗಳುಗಟ್ಟಲೆ ಕುಳಿತು ಕಥೆ ಕಟ್ಟಿದ್ದ ಸವಿತಾಳ ಕಣ್ಣು ತುಂಬಿತ್ತು. “ಅಜ್ಜಾರ, ನೀವರ ನ್ಯಾಯ ಹೇಳ್ರಿ.”

ನಿಯಮದ ಹಾಳೆಯನ್ನು ಎರಡು ಸಲ ಓದಿದೆ. “ಬರೆಯದ ಮಿತಿಯನ್ನು ಆಟದ ನಡುವೆ ಹೇರುವುದು ಅನ್ಯಾಯ. ಸೀರೆ ಎಷ್ಟಾದರೂ ಉದ್ದವಿರಲಿ,” ಎಂದೆ. ರೂಪಾ ಕುಣಿದಳು. “ಆದರೆ ಮೊಳಕ್ಕೊಂದು ಕಂಡಿಕೆ ಬೇಕು. ಅದನ್ನು ಸುತ್ತುವವರು ಯಾರು?”

ಲಾಳಿಯೊಳಗೆ ನೂಲಿನ ಕಂಡಿಕೆ ಇಲ್ಲದೆ ಮಗ್ಗ ನಡೆಯದು; ನೇಕಾರರ ಮನೆಯಲ್ಲಿ ನೇಯುವವರು ಒಬ್ಬರು, ಸುತ್ತಿಕೊಡುವವರು ಇನ್ನೊಬ್ಬರು. ಎದ್ದಿದ್ದ ಇಬ್ಬರೂ ಧಪ್ಪನೆ ಕುಳಿತರು.

“ನಾವ ಸುತ್ತತೀವಿ! ಮೊದಲ ನಮಗ ಕೈ ಮುಗೀಲಿ ಆಕಿ!”

“ಅಜ್ಜಾರ, ನಮ್ಮ ಮನಿ ಜಗಳಾನ ಆಟಕ್ಕ ತಂದ್ರಲ್ರೀ!” ರೂಪಾ ನಕ್ಕು ನಕ್ಕು ಬಾಗಿದಳು.

ಬಹುಮಾನವಾಗಿ ನನಗೆ ರಾಕ್ಷಸನ ಪಾತ್ರ ಕೊಟ್ಟರು. ಬೀಳಗಿಯ ಬಸ್ಸು ಬಂತು, ಹೋಯಿತು. ಆಟದ ನಡುವೆ ಯಾರೂ ಏಳಬಾರದೆಂಬ ನಿಯಮ ಅವರ ಹಾಳೆಯಲ್ಲಿ ಇರಲಿಲ್ಲ. ಅದನ್ನು ನಾನೇ ಬರೆಸಿದೆ.