ಟ್ರಾಲಿಯ ಮರೆ

ಹುನ್ನೂರಿನ ಲಗಮವ್ವನ ಬಗ್ಗೆ ಬರೆದರೆ ಅವಳಿಗೆ ಸಿಟ್ಟು ಬರುತ್ತದೆ. ಬರಲಿ. ಅವಳು ಕಂಡಕ್ಟರ್ ಆಗಿರುವ ಬಸ್ಸಿನ ಡ್ರೈವರ್ ನಾನು. ಜಮಖಂಡಿ–ಮುಧೋಳ ದಾರಿಯಲ್ಲಿ ದಿನವಿಡೀ ಅವಳ ಬೈಗುಳ ಕೇಳಿದವನಿಗೆ ಇಷ್ಟಾದರೂ ಹಕ್ಕಿದೆ.

ಕುರಿ ಕಾಯುವ ಮನೆಯ ಈ ಹುಡುಗಿಗೆ ಸೈಕಲ್ ಹುಚ್ಚು ಹಿಡಿಸಿದವಳು ಶೇವಂತಿ. ನಮ್ಮ ಕಡೆ ರಸ್ತೆ ರೇಸಿನಲ್ಲಿ ಸೈಕಲ್ ತುಳಿದ ಮೊದಲ ಹೆಣ್ಣುಮಗಳು. ಚಡ್ಡಿ ಹಾಕಿಕೊಂಡು ಹೊರಟರೆ ಓಣಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು. ಒಮ್ಮೆ ಅವಳು ಗೆದ್ದಳು. ಹಾರ ಹಾಕುವ ಮೊದಲೇ ತೀರ್ಪುಗಾರರ ಹತ್ತಿರ ಹೋಗಿ, ದಾರಿಯಲ್ಲಿ ಲಾರಿಯ ಹಿಂದೆ ಗಾಳಿ ತಪ್ಪಿಸಿಕೊಂಡೆ, ಈ ಗೆಲುವು ನನ್ನದಲ್ಲ ಅಂದಳಂತೆ. ಊರು ಹುಚ್ಚಿ ಅಂತ ನಕ್ಕಿತು. ಆಗಿನ್ನೂ ಲಂಗ ಉಡುತ್ತಿದ್ದ ಲಗಮವ್ವ ನಗಲಿಲ್ಲ. ಶೇವಂತಿ ತೀರಿಕೊಂಡ ಮೇಲೆ, ಡ್ಯೂಟಿಗೆ ಮುಂಚೆ ಊರ ಹುಡುಗಿಯರಿಗೆ ಸೈಕಲ್ ಕಲಿಸುವುದೇ ಅವಳ ಬದುಕಾಯಿತು.

ಆದರೆ ಇಲ್ಲೊಂದು ರೂಢಿ ಇದೆ. ಕಾರ್ಖಾನೆಗೆ ಕಬ್ಬು ಇಳಿಸಿದ ಟ್ರ್ಯಾಕ್ಟರುಗಳು ಖಾಲಿ ಟ್ರಾಲಿ ಕುಣಿಸುತ್ತ, ಹಾಡು ಹಚ್ಚಿಕೊಂಡು ಓಡುತ್ತವೆ. ಅವುಗಳ ಬೆನ್ನಿಗೆ ಬಿದ್ದು ತುಳಿದರೆ ಎದುರುಗಾಳಿ ಬಡಿಯುವುದಿಲ್ಲ, ಕಾಲಿಗೆ ವೇಗ ಕೂಡುತ್ತದೆ. ತಾಲೀಮಿಗೆ ಏನೂ ತಪ್ಪಲ್ಲ ಅಂತ ಲಗಮವ್ವನೂ ಹುಡುಗಿಯರನ್ನು ಹಾಗೆಯೇ ಪಳಗಿಸಿದಳು. ಟ್ರಾಲಿ ಕಂಡರೆ ಹಿಂದೆ ಸೇರಿಕೊಳ್ಳುವುದು ಅವರಿಗೆ ಚಟವಾಗಿಬಿಟ್ಟಿತು.

ಕಳೆದ ಜನವರಿಯಲ್ಲಿ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ನಡೆಯಿತು. ಒಬ್ಬೊಬ್ಬರೇ ಹೊರಟು ತುಳಿಯಬೇಕು, ಯಾವ ಗಾಡಿಯ ಮರೆಯನ್ನೂ ಹಿಡಿಯುವಂತಿಲ್ಲ, ಬೇಗ ಮುಟ್ಟಿದವಳಿಗೆ ಸೀಟು. ಇದ್ದದ್ದು ಒಂದೇ ಸೀಟು. ಲಗಮವ್ವನ ತಂಗಿಯ ಮಗಳು ಅಂಜನಾಗೆ ವಯಸ್ಸಿನ ಮಿತಿಯಿಂದಾಗಿ ಅದೇ ಕೊನೆಯ ಅವಕಾಶ. ನಾನೂ ಲಗಮವ್ವನೂ ದಾರಿಯ ಏರಿನಲ್ಲಿ ನಿಂತಿದ್ದೆವು. ಅಂಜನಾ ಏರು ಹತ್ತುವ ಹೊತ್ತಿಗೆ ಅಡ್ಡದಾರಿಯಿಂದ ಹಾಳಾದ್ದು, ಖಾಲಿ ಟ್ರಾಲಿಯ ಟ್ರ್ಯಾಕ್ಟರೊಂದು ನುಗ್ಗಿತು. ಹುಡುಗಿ ಯೋಚಿಸಲೂ ಇಲ್ಲ, ಸರಕ್ಕನೆ ಅದರ ಹಿಂದೆ ಸೇರಿದಳು. ಏರು ಮುಗಿಯುವವರೆಗೂ ಅಲ್ಲೇ ಇದ್ದಳು. ಲಗಮವ್ವ ಆಗಲೇ ನನ್ನ ಬೈಕಿನ ಕಡೆ ಹೊರಟಿದ್ದಳು.

"ಸುಮ್ನಿರಬೇ," ಅಂದೆ. "ಯಾರೂ ನೋಡಿಲ್ಲ. ಹುಡುಗಿ ಜಲ್ಮದ ಪ್ರಶ್ನಿ ಐತಿ."

"ನಾ ನೋಡೇನಲ್ಲ? ಗಾಡಿ ತಗಿ."

ನನ್ನ ಬೈಕಿನಲ್ಲೇ ಹೋದೆವು. ಅಂಜನಾ ಎಲ್ಲರಿಗಿಂತ ಬೇಗ ಮುಟ್ಟಿದ್ದಳು. ಬೇವಿನ ಮರದ ಕೆಳಗೆ ನೀರು ಕುಡಿಯುತ್ತಿದ್ದವಳ ಕಡೆ ಲಗಮವ್ವ ತಿರುಗಿಯೂ ನೋಡಲಿಲ್ಲ. ಸೀದಾ ತೀರ್ಪುಗಾರರ ಮೇಜಿಗೆ ನಡೆದಳು.

"ಸರ್, ನಮ್ಮ ಹುಡುಗಿ ಟ್ರಾಲಿ ಹಿಂದ ಬಂದಾಳ್ರಿ. ಹಂಗ ಕಲಿಸಿದಾಕಿ ನಾನ."

ತೀರ್ಪುಗಾರರು ಅಂಜನಾಳ ಓಟವನ್ನು ರದ್ದು ಮಾಡಿದರು. ಸೀಟು ಬನಹಟ್ಟಿಯ ಹುಡುಗಿಗೆ ಹೋಯಿತು. ನನಗೆ ಬೇಸರವಾಯಿತು. ಆದರೂ ಸುಳ್ಳೇಕೆ, ಹೆಮ್ಮೆಯೂ ಆಯಿತು. ಶೇವಂತಿಯ ಶಿಷ್ಯೆ ಅಂದರೆ ಹೀಗಿರಬೇಕು ಅಂದುಕೊಂಡೆ.

ತಿರುಗಿ ನೋಡಿದರೆ ಅಂಜನಾ ನಮ್ಮ ಬೆನ್ನ ಹಿಂದೆಯೇ ನಿಂತಿದ್ದಾಳೆ. ಅವಳೂ ಆ ಮೇಜಿನ ಕಡೆಗೇ ಬಂದಿದ್ದಳು.

"ನಾನ ಹೇಳಾಕ ಬರಾಕತ್ತಿದ್ದೆ, ದೊಡ್ಡವ್ವಾ," ಅಂದಳು. "ಸೀಟ್ ಹೋದ್ರ ಹೋಗ್ಲಿ. ಅದೊಂದ ಮಾತರೆ ನನಗ ಬಿಡಬೇಕಿತ್ತೋ ಇಲ್ಲೋ?"

ಇಡೀ ಬಸ್ಸನ್ನು ಗದರಿಸುವ ಹೆಂಗಸು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ತಪ್ಪಾತು ಮಗಳ," ಅಂದಳು.